ಕುಂತಲ್ಲೇ ಗಡ

ಹೋದ ಭಾನುವಾರ ನನಗೆ ಪ್ರಮೋಷನ್ ಸಿಕ್ಕಿತು.

ನಗಬೇಡಿ. ವಿಮಾ ಆಫೀಸಿನಲ್ಲಿ ಗುಮಾಸ್ತೆಯಾಗಿ ಸೇರಿ ಗುಮಾಸ್ತೆಯಾಗಿಯೇ ರಿಟೈರ್ ಆದವಳು ನಾನು. ಅಂಥವಳನ್ನು ಮಳವಲಿ ಸ್ಟೇಷನ್ನಿನಾಚೆಯ ಒಂದು ಗುಡ್ಡದ ಬುಡದಲ್ಲಿ (ಮಂಡ್ಯದ ಮಳವಳ್ಳಿ ಅಲ್ಲ, ಇದು ಲೋಣಾವಳಾ ಲೋಕಲ್ ದಾರಿಯ ಮಳವಲಿ), ಬೆಳಗಿನ ಚಳಿಯಲ್ಲಿ, ಹೆತ್ತ ಮಗಳು ಭುಜ ಹಿಡಿದು ಎಲ್ಲರಿಗಿಂತ ಮುಂದೆ ನಿಲ್ಲಿಸಿ, "ಅವ್ವಾ, ಈ ಸಲ ನೀ ಮುಂದ ನಡಿ" ಅಂದರೆ ಹೇಗಾಗಬೇಡ? ಮಫ್ಲರ್ ಸರಿಮಾಡಿಕೊಂಡೆ. ಹಿಂದೆ ತಿರುಗಿ ನಮ್ಮ ಮನೆಯವರ ಕಡೆ ಒಂದು ನೋಟ ಬೀರಿದೆ. ಕೈ ಬೀಸಿಕೊಂಡು ಹೊರಟೇಬಿಟ್ಟೆ.

ಅದು ಪ್ರಮೋಷನ್ ಅಲ್ಲ ಎಂದು ಹೊಳೆಯಲು ಮೊದಲ ತಿರುವು ಬರಬೇಕಾಯಿತು.

ಇದು ಅರ್ಥವಾಗಬೇಕಾದರೆ ನಿಮಗೆ ನಮ್ಮ ಮನೆಯ ಕಾನೂನು ಗೊತ್ತಿರಬೇಕು. ಕಾನೂನು ಗೊತ್ತಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅವಸರವಿದ್ದವರು ಪುಟ ತಿರುವಿಕೊಳ್ಳಿ, ಬೇಜಾರಿಲ್ಲ.

ನಾವು ವಿಜಯಪುರದ ಕಡೆಯವರು. ಮನೆಯವರಿಗೆ ಚಿಂಚವಡದ ಫ್ಯಾಕ್ಟರಿಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಕೆಲಸ ಸಿಕ್ಕಿತು, ಅವರ ಹಿಂದೆ ನಾನು ನಿಗಡಿಗೆ ಬಂದೆ. ಮರಾಠಿ ಕಲಿತೆ. ಲೋಕಲ್ ಹತ್ತುವುದು ಕಲಿತೆ. ಚಹಾಕ್ಕೆ ಶುಂಠಿಯ ಜೊತೆ ನಿಂಬೆ ವಾಸನೆಯ ಗವತೀ ಹುಲ್ಲು ಹಾಕುವುದನ್ನೂ ಕಲಿತೆ. ಎಲ್ಲಕ್ಕೂ ಹೊಂದಿಕೊಂಡೆ, ಒಂದನ್ನು ಬಿಟ್ಟು. ಎಳ್ಳಮಾವಾಸ್ಯೆ.

ನಮ್ಮ ಕಡೆ ಚಳಿಗಾಲದ ಈ ಅಮಾವಾಸ್ಯೆಯ ದಿನ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ, ಮೊಸರು ಎಲ್ಲ ಬುಟ್ಟಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗುವುದು. ಎದೆಯುದ್ದ ಬೆಳೆದ ಜೋಳದ ನಡುವೆ ಮೊದಲ ತುತ್ತನ್ನು ಭೂಮಿಗೆ ಚೆಲ್ಲುವುದು. ಅದಕ್ಕೆ ಚರಗ ಚೆಲ್ಲುವುದು ಅಂತಾರೆ. ಚೆಲ್ಲುವಾಗ "ಹುಲ್ಲುಲ್ಲಿಗೋ" ಎಂದು ಕೂಗುವುದು (ಮುಂದಿನ ಮಾತು ಊರಿಗೊಂದು ಥರ, ನನ್ನೂರಿನದೇ ಸರಿ ಎಂದು ನಾನು ಜಗಳಕ್ಕೆ ಬರುವುದಿಲ್ಲ). ಆಮೇಲೆ ಮನೆಮಂದಿಯೆಲ್ಲ ಸುತ್ತ ಕೂತು ಊಟ. ಊಟ ಆದಮೇಲೂ ಯಾರೂ ಏಳುವುದಿಲ್ಲ. ಹೆಂಗಸರು ಕಾಲು ಚಾಚಿ ಕೂತು ಹರಟುತ್ತಾರೆ, ಗಂಡಸರು ಅಲ್ಲೇ ಗೊರಕೆ ಹೊಡೆಯುತ್ತಾರೆ.

ನಿಗಡಿಯಲ್ಲಿ ಹೊಲ ಎಲ್ಲಿಂದ ತರಬೇಕು? ನಮಗಿದ್ದದ್ದು ನಾಲ್ಕನೇ ಮಹಡಿಯ ಒಂದು ಬಾಲ್ಕನಿ. ಅದರಲ್ಲಿ ಒಂದು ತುಳಸಿ, ಒಂದು ಒಣಗಿದ ಗುಲಾಬಿ. ಮೊದಲ ವರ್ಷ ಬಾಲ್ಕನಿಯಿಂದಲೇ ಚರಗ ಚೆಲ್ಲಿದೆ. ಅದು ನೇರವಾಗಿ ಕೆಳಗಿನ ಮನೆಯ ಕಾಕೂ ಒಣಹಾಕಿದ್ದ ಬಿಳೀ ಚಾದರದ ಮೇಲೆ ಬಿತ್ತು. ಎಣ್ಣೆಗಾಯಿ ಸಮೇತ. ಅವತ್ತು ನನ್ನ ಮರಾಠಿ ಶಬ್ದಭಂಡಾರ ಒಂದೇ ದಿನಕ್ಕೆ ಬಹಳ ಬೆಳೆಯಿತು. ಬೈಸಿಕೊಂಡು ಮೇಲೆ ಬಂದು, ಬಾಗಿಲು ಹಾಕಿಕೊಂಡು ಅತ್ತೆ.

ಮರುವರ್ಷ ನಮ್ಮ ಮನೆಯವರೇ ದಾರಿ ಹುಡುಕಿದರು. "ಹೊಲಾ ಇಲ್ಲಂದ್ರ ಏನಾತು? ಗುಡ್ಡಾ ಅದಾವಲ್ಲ, ಬೇಕಾದಷ್ಟು!"

ಹೌದಲ್ಲ! ಆಕುರ್ಡಿಯಲ್ಲಿ ಲೋಕಲ್ ಹಿಡಿದರೆ ದೇಹೂ ರೋಡ್ ದಾಟುವಷ್ಟರಲ್ಲಿ ಕಿಟಕಿಯ ತುಂಬ ಗುಡ್ಡಗಳೇ. ಅವುಗಳ ತಲೆಯ ಮೇಲೆಲ್ಲ ಒಂದೊಂದು ಕೋಟೆ. ಇಲ್ಲಿಯವರ ಬಾಯಲ್ಲಿ ಗಡ. ಹೀಗೆ ಶುರುವಾಯಿತು ನಮ್ಮ ವರ್ಷಕ್ಕೊಂದು ಗಡ ಹತ್ತುವ ಪದ್ಧತಿ. ಜನ ಅದನ್ನು ಟ್ರೆಕ್ ಅನ್ನುತ್ತಾರೆ, ಅದಕ್ಕೆ ಬೂಟು ಕೊಳ್ಳುತ್ತಾರೆ. ನಾವು ಚರಗಕ್ಕೆ ಹೋಗುವುದು ಅನ್ನುತ್ತೇವೆ, ಚಪ್ಪಲಿಯಲ್ಲೇ ಹೋಗುತ್ತೇವೆ. ಅಮಾವಾಸ್ಯೆ ಬುಧವಾರ ಬಂದರೂ ನಮ್ಮ ಮನೆಯಲ್ಲಿ ಅದು ಭಾನುವಾರವೇ. ಫ್ಯಾಕ್ಟರಿಯ ರಜೆ ಚಂದ್ರನಿಗೆ ಗೊತ್ತಿರುವುದಿಲ್ಲವಲ್ಲ.

ಆಮೇಲೆ ಇಬ್ಬರು ಹೆಣ್ಣುಮಕ್ಕಳಾದರು. ದೊಡ್ಡವಳು ಪಲ್ಲವಿ. ಹುಟ್ಟಿದಾಗಲೇ ಹೆಡ್‌ಮಾಸ್ತರಳು. ಚಿಕ್ಕವಳು ಚೈತ್ರಾ. ಅವಳು ಹಟಮಾರಿ. ನಾನು ಇಬ್ಬರಿಗೂ ಮನೆಯಲ್ಲಿ ಅವ್ವ, ಗೆಳತಿಯರ ಮುಂದೆ ಆಯಿ, ಏನಾದರೂ ಬೇಕಾದಾಗ ಮಮ್ಮಿ.

ಮಕ್ಕಳನ್ನು ಕರೆದುಕೊಂಡು ಗುಡ್ಡ ಹತ್ತಲು ಶುರುಮಾಡಿದ ಮೇಲೆ ಮನೆಯವರು ಎರಡು ಕಾನೂನು ಮಾಡಿದರು. (ಸ್ಟೋರ್ಸಿನ ಮನುಷ್ಯ. ಕಾನೂನಿಲ್ಲದೆ ಒಂದು ನಟ್ಟನ್ನೂ ಹೊರಗೆ ಬಿಟ್ಟವರಲ್ಲ.) ಮೊದಲನೆಯದು, ಎಲ್ಲರಿಗಿಂತ ನಿಧಾನ ನಡೆಯುವವರು ಎಲ್ಲರಿಗಿಂತ ಮುಂದೆ. ಅವರ ಹೆಜ್ಜೆಗೆ ಉಳಿದವರ ಹೆಜ್ಜೆ. ಹಾಗೆ ಮಾಡಿದರೆ ಯಾರೂ ಹಿಂದೆ ಉಳಿಯುವುದಿಲ್ಲ, ಯಾರೂ ಕಳೆದುಹೋಗುವುದಿಲ್ಲ. ಅವರು ಮಾತ್ರ ಕಟ್ಟಕಡೆಗೆ, ರೊಟ್ಟಿಯ ಚೀಲ ಹೊತ್ತು.

ಎರಡನೆಯದು, ಮುಂದಿನವರು ಎಲ್ಲಿ ಕೂತುಬಿಡುತ್ತಾರೋ ಅದೇ ಗಡ.

ಈ ಎರಡನೇ ಕಾನೂನು ಹುಟ್ಟಿದ್ದು ಚೈತ್ರಾಳಿಂದ. ಪುಟ್ಟ ಹುಡುಗಿ, ಮುಂದೆ ಅವಳೇ. ಅರ್ಧ ಗುಡ್ಡ ಹತ್ತಿದಮೇಲೆ ದಾರಿಯ ನಡುವೆಯೇ ಕೂತಳು. ಏಳು ಅಂದರೆ ಏಳಲೊಲ್ಲಳು. ಪಲ್ಲವಿ ರೇಗಿದಳು, ನಾನು ಚಿಕ್ಕಿಯ ಆಸೆ ತೋರಿಸಿದೆ, ಮೇಲೆ ಮಂಗ ಇದೆ ಅಂದೆ, ಕೆಳಗೂ ಮಂಗ ಇದೆ ಅಂದೆ. ಅವಳ ತುಟಿ ಅದುರತೊಡಗಿತು, ಇನ್ನೇನು ಅಳುತ್ತಾಳೆ. ಅಷ್ಟರಲ್ಲಿ ಹಿಂದಿನಿಂದ ಅವರಪ್ಪನ ದೊಡ್ಡ ದನಿ ಬಂತು.

"ಗಡಾ ಬಂತು! ಜಮಖಾನಿ ಹಾಸ್ರಿ!"

ಅಲ್ಲೇ ಜಮಖಾನೆ ಹಾಸಿದೆವು. ಅಲ್ಲೇ ಚರಗ ಚೆಲ್ಲಿದೆವು. ಅಲ್ಲೇ ಉಂಡೆವು. ಹೋಗಿಬರುವ ಜನ ನಮ್ಮನ್ನು ಸುತ್ತುಹಾಕಿ ಹತ್ತುತ್ತಿದ್ದರು. ಚೈತ್ರಾ ರಾಣಿಯಂತೆ ಹೋಳಿಗೆ ತಿನ್ನುತ್ತ ಕೂತಿದ್ದಳು.

ಅಂದಿನಿಂದ ನಮ್ಮ ಗಡಗಳು ಎಲ್ಲೆಲ್ಲೋ ಇವೆ. ಒಂದು ನೀರಿನ ಟಾಕಿಯ ಪಕ್ಕ, ಇನ್ನೊಂದು ಹುಣಸೆ ಮರದ ಕೆಳಗೆ. ಒಂದು ವರ್ಷವಂತೂ ಸ್ಟೇಷನ್ನಿನಿಂದ ಹೊರಬಿದ್ದ ಸ್ವಲ್ಪ ಹೊತ್ತಿಗೇ ಬಂದುಬಿಟ್ಟಿತ್ತು. ಅವತ್ತು ಗಡದ ಎದುರಿಗೇ ಒಂದು ಪಂಕ್ಚರ್ ಅಂಗಡಿ.

ಇದರ ಪರಿಣಾಮ ಏನಾಯಿತು ಗೊತ್ತೇ? ಶಾಲೆಯಲ್ಲಿ ಬಾಯಿಯವರು (ಇಲ್ಲಿ ಟೀಚರಮ್ಮನಿಗೆ ಹಾಗನ್ನುತ್ತಾರೆ) "ಗಡ ಮ್ಹಣಜೇ ಕಾಯ್?" ಎಂದು ಕೇಳಿದರಂತೆ. ಗಡ ಅಂದರೆ ಏನು? ಚೈತ್ರಾ ಜೋರಾಗಿ ಕೈಯೆತ್ತಿ, ಎಲ್ಲಿ ಕೂತು ಭಾಕರಿ (ರೊಟ್ಟಿ) ತಿನ್ನುತ್ತಾರೋ ಅದು ಗಡ ಅಂದಳಂತೆ. ಮರಾಠಿ ನೆಲದಲ್ಲಿ ಗಡದ ಬಗ್ಗೆ ಇಂಥ ಮಾತೇ? ಇಲ್ಲಿ ಗಡ ಅಂದರೆ ಜನ ಚಪ್ಪಲಿ ಬಿಟ್ಟು ಮಣ್ಣು ಹಣೆಗೆ ಹಚ್ಚಿಕೊಳ್ಳುತ್ತಾರೆ. ನಮ್ಮನ್ನು ಶಾಲೆಗೆ ಕರೆಸಿದರು. ಮನೆಯವರು ತಲೆತಗ್ಗಿಸಿ ಕೂತರು. ನಾನು ಸೆರಗಿನಲ್ಲಿ ನಗು ಮುಚ್ಚಿಕೊಂಡೆ.

ಊರಲ್ಲಿದ್ದ ನನ್ನ ಅಪ್ಪ ಕನ್ನಡ ಮೇಷ್ಟ್ರು. ಪ್ರತಿವರ್ಷ ಗುಡ್ಡ ಇಳಿದು ಬಂದ ಸಂಜೆ ನಿಗಡಿಯ ಎಸ್‌ಟಿಡಿ ಬೂತಿನಿಂದ ಅವರಿಗೆ ಫೋನು ಮಾಡುತ್ತಿದ್ದೆ. ಹಳಗನ್ನಡದಲ್ಲಿ 'ಗಡ' ಎಂಬ ಒಂದು ಪುಟ್ಟ ಮಾತಿದೆ. 'ಅಂತೆ' ಎಂಬ ಅರ್ಥದ್ದು, ಜೊತೆಗೊಂದಿಷ್ಟು ಕೀಟಲೆಯೂ ಸೇರಿದ್ದು. ಅಪ್ಪ ಎಲ್ಲ ಕೇಳಿಸಿಕೊಂಡು, ಆ ಕಡೆಯಿಂದ ನಗುತ್ತಾ, "ಗಡಾ ಹತ್ತಿದರು, ಗಡ!" ಅನ್ನುತ್ತಿದ್ದರು. ಹತ್ತಿದರಂತೆ, ನಂಬಬೇಕಂತೆ! ಆ ನಗು ಕೇಳಲಿಕ್ಕೆಂದೇ ನಾನು ಕ್ಯೂನಲ್ಲಿ ನಿಲ್ಲುತ್ತಿದ್ದೆ. ಈಗ ಬೂತೂ ಇಲ್ಲ, ಅಪ್ಪನೂ ಇಲ್ಲ.

ಹುಡುಗಿಯರು ದೊಡ್ಡವರಾದರು. ಆಗಲೇಬೇಕಲ್ಲ. ಪಲ್ಲವಿ ಮರಾಠಿ ಹುಡುಗನನ್ನು ಮದುವೆಯಾಗಿ ಕೊಲ್ಹಾಪುರಕ್ಕೆ ಹೋದಳು, ಅಲ್ಲೊಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಚೈತ್ರಾ ಗೋವಾದ ಹೋಟೆಲೊಂದರ ಅಡುಗೆಮನೆಯಲ್ಲಿ ಕೇಕು ಮಾಡುತ್ತಾಳೆ. ಎಳ್ಳಮಾವಾಸ್ಯೆ ಬರುವುದೂ ಕ್ರಿಸ್‌ಮಸ್ಸು, ನ್ಯೂ ಇಯರ್ ಬರುವುದೂ ಒಂದೇ ಹೊತ್ತಿಗೆ. ಊರೆಲ್ಲ ಕೇಕು ತಿನ್ನುವಾಗ ಕೇಕು ಮಾಡುವವಳಿಗೆ ರಜೆ ಯಾರು ಕೊಡುತ್ತಾರೆ? ಒಂದು ವರ್ಷ ಇವಳಿಗೆ ಆಗಲಿಲ್ಲ, ಮತ್ತೊಂದು ವರ್ಷ ಅವಳಿಗೆ. ಆಮೇಲೆ ಎಲ್ಲರೂ ಕೇಳುವುದನ್ನೇ ಬಿಟ್ಟರು. ಉಳಿದದ್ದು ವಾಟ್ಸಾಪ್‌ನಲ್ಲಿ 'ಚರಗ' ಎಂಬ ಹೆಸರಿನ ಗ್ರೂಪು. ನಾನು ಗುಡ್ ಮಾರ್ನಿಂಗ್ ಹಾಕುತ್ತೇನೆ. ಮನೆಯವರು ಪಕ್ಕದಲ್ಲೇ ಕೂತು ಹೆಬ್ಬೆರಳು ಒತ್ತುತ್ತಾರೆ. ಮಕ್ಕಳ ಕಡೆ ನೀಲಿ ಟಿಕ್ಕು ಬಂದರೆ ಅದೇ ಹಬ್ಬ.

ಈ ವರ್ಷ ಪವಾಡವಾಯಿತು. ದೀಪಾವಳಿಗೆ ಒಂದೇ ರಾತ್ರಿ ಮನೆಯಲ್ಲಿದ್ದು ಮರುದಿನವೇ ಡ್ಯೂಟಿಗೆ ಓಡಿದ್ದ ಚೈತ್ರಾ, ಆ ಪುಣ್ಯಕ್ಕೆ ಜನವರಿಯಲ್ಲಿ ಎರಡು ದಿನ ರಜೆ ಗಿಟ್ಟಿಸಿಕೊಂಡಳು. ಪಲ್ಲವಿಯೂ ಹೂಂ ಅಂದಳು. ಅಳಿಯನನ್ನು ಕರೆದರೆ, "ತುಮ್ಹೀ ಚೌಘಂ ಜಾ, ಆಯಿ" ಅಂದ. ನೀವು ನಾಲ್ವರೇ ಹೋಗಿ ಅಂತ. (ಇಂಥ ಅಳಿಯ ಎಲ್ಲರಿಗೂ ಸಿಗಲಿ.) ನಾನು ಸಜ್ಜೆ ಬೀಸಿಸಲು ಗಿರಣಿಗೆ ಓಡಿದೆ.

ಹಿಟ್ಟಿನ ಡಬ್ಬಿ ಹಿಡಿದು ವಾಪಸು ಬರುವಷ್ಟರಲ್ಲಿ ಗ್ರೂಪಿನಲ್ಲಿ ಪಲ್ಲವಿಯ ಮೆಸೇಜು. ಲೋಣಾವಳಾದ ಒಂದು ರೆಸಾರ್ಟಿನ ಲಿಂಕು. ನೀಲಿ ಈಜುಕೊಳ, ಬಫೆ, ಬಿಳೀ ಟವೆಲ್ಲನ್ನು ಹಂಸದ ಥರ ಮಡಿಚಿಟ್ಟ ಹಾಸಿಗೆ. ತಕ್ಷಣ ಫೋನು ಮಾಡಿದೆ.

"ಏನಿದು?"

"ಅವ್ವಾ, ಗುಡ್ಡಾ ಬ್ಯಾಡ ಈ ಸಲ. ಅಲ್ಲೇ ಆರಾಮ ಇರೂಣು."

"ಚರಗಾ?"

"ಲಾನ್ ಅದ ಅಲ್ಲೆ. ಲಾನಿಗೇ ಚೆಲ್ಲು."

ಲಾನಿಗೆ ಚರಗ! ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆದರಿಕೆ ಬಂತು ಅನ್ನುವುದೇ ಸರಿ. ಮಕ್ಕಳಿಗೆ ಗುಡ್ಡ ಬೇಜಾರಾಗಿದೆ, ನಾವೂ ಬೇಜಾರಾಗಿರಬಹುದು, ಬಾಯಿಬಿಟ್ಟು ಹೇಳುತ್ತಿಲ್ಲ ಅನ್ನಿಸಿತು. ರೆಸಾರ್ಟಿನಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲವೇ? ಒಬ್ಬೊಬ್ಬರ ಕೈಯಲ್ಲಿ ಒಂದೊಂದು ರೂಮಿನ ಕೀಲಿ, ಒಂದೊಂದು ಫೋನು. ಊಟಕ್ಕೆ ಒಬ್ಬರು ಬಂದಾಗ ಇನ್ನೊಬ್ಬರು ಎದ್ದು ಹೋಗಿರುತ್ತಾರೆ. ಈ ವರ್ಷ ಇಬ್ಬರೂ ಬರುತ್ತಾರೆ. ಮುಂದಿನ ವರ್ಷ ಒಬ್ಬಳು. ಅದರ ಮುಂದಿನ ವರ್ಷ ವಿಡಿಯೋ ಕಾಲು. ಗುಡ್ಡದ ಮೇಲಾದರೆ ಹಾಗಲ್ಲ. ಒಬ್ಬರ ಹಿಂದೆ ಒಬ್ಬರು ನಡೆಯಲೇಬೇಕು, ಒಂದೇ ಜಮಖಾನೆಯ ಮೇಲೆ ಕೂರಲೇಬೇಕು.

"ನಾ ಗುಡ್ಡಕ್ಕ ಹೋಗಾಕಿ. ನೀವು ಬೇಕಾದ್ರ ಈಜಾಡ್ಕೋತ ಇರ್ರಿ" ಅಂದೆ.

ಈಗ ಪಲ್ಲವಿಯೊಳಗಿನ ಗಣಿತದ ಟೀಚರು ಮಾತಾಡಿದಳು. "ಆತು. ಒಂದು ಕರಾರು. ಈ ಸಲ ಮ್ಯಾಲಿನತನಕ ಹತ್ತಿ ತೋರಸು. ಆಗಲಿಲ್ಲಂದ್ರ ಮುಂದಿನ ವರ್ಷದಿಂದ ರೆಸಾರ್ಟು, ತಕರಾರಿಲ್ಲ."

"ಆತು" ಅಂದೆ. ಬಾಯಿ ಯಾವಾಗಲೂ ಕಾಲಿಗಿಂತ ಮುಂದಲ್ಲವೇ?

ತಯಾರಿಗೆ ಜಾಗ ಹುಡುಕಬೇಕಾಗಿರಲಿಲ್ಲ. ನಮ್ಮ ಬಿಲ್ಡಿಂಗಿನ ಲಿಫ್ಟು ವರ್ಷದಲ್ಲಿ ಹೆಚ್ಚು ದಿನ ಬಂದ್ ಇರುತ್ತದೆ. ಸೊಸೈಟಿಯ ಸೆಕ್ರೆಟರಿಯ ಜೊತೆ ಅದರ ಬಗ್ಗೆ ಜಗಳವಾಡುವುದು ರಿಟೈರ್ ಆದಮೇಲೆ ನನಗುಳಿದ ಏಕೈಕ ಹವ್ಯಾಸ. ಹಾಗಾಗಿ ದಿನಾ ಮೆಟ್ಟಿಲು. ಎರಡನೇ ಮಹಡಿಯಲ್ಲಿ ಸೊಸೈಟಿಯ ನೋಟಿಸ್ ಬೋರ್ಡ್ ಇದೆ (ಕೆಳಗಿನ ಗೋಡೆಯೆಲ್ಲ ಮೀಟರ್ ಬಾಕ್ಸು ತುಂಬಿದೆ). ಅಲ್ಲಿ ನಿಂತು ಎಲ್ಲ ನೋಟಿಸುಗಳನ್ನೂ ಓದುವುದು ನನ್ನ ರೂಢಿ. ನೀರಿನ ಟ್ಯಾಂಕು ತೊಳೆಯುವ ವಿಷಯ, ಗಣಪತಿ ಹಬ್ಬದ ಹಳೇ ಪಟ್ಟಿ, ಯಾರದೋ ಕಳೆದುಹೋದ ಬೆಕ್ಕು. ನಾಗರಿಕರಾದವರು ಓದಬೇಕು, ಅಲ್ಲವೇ?

ಮನೆಯವರಿಗೆ ಮೊಣಕಾಲು ನೋವು. ಬೆಲ್ಟ್ ಹಾಕಿಕೊಂಡು, ಹಾ ಹೂ ಎನ್ನುತ್ತ ಹಾಲ್‌ನಲ್ಲಿ ಓಡಾಡುತ್ತಿದ್ದರು. ವಾರವಿಡೀ ಚೇಷ್ಟೆ ಮಾಡಿದೆ. "ಈ ಸಲ ಮುಂದ ನೀವೇ ನಡೀಬೇಕ್ರಿ. ನೀವೇ ಮಾಡಿದ ಕಾನೂನು!"

"ನಡೀತೀನಿ ತಗೋ. ನಾಚಿಕೆ ಏನದ ಅದರಾಗ?" ಅಂದರು. ಅವರದು ತಣ್ಣಗಿನ ಸ್ವಭಾವ. ನನಗೆ ಅದೇ ರೇಗುವುದು.

ಇಷ್ಟು ಗೊತ್ತಾದಮೇಲೆ ಈಗ ಮತ್ತೆ ಆ ಗುಡ್ಡದ ಬುಡಕ್ಕೆ ಬನ್ನಿ. (ಗಡದ ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರ ನೀವೆಲ್ಲ ಅಲ್ಲೇ ಇರುತ್ತೀರಿ.) ಮನೆಯವರು ತಾವಾಗಿಯೇ ಮುಂದೆ ಹೋಗಿ ನಿಂತರು. ಪಲ್ಲವಿ ಅವರ ತೋಳು ಹಿಡಿದು ಹಿಂದಕ್ಕೆ ಕಳಿಸಿದಳು. "ಪಪ್ಪಾ, ನೀವು ನಿಮ್ಮ ಜಾಗಾಕ್ಕ ಹೋಗ್ರಿ." ಆಮೇಲೆ ನನ್ನ ಭುಜ ಹಿಡಿದು ಮುಂದೆ ತಂದಳು.

ಖುಷಿಯಲ್ಲಿ ನನಗೆ ಕಾನೂನೇ ಮರೆತುಹೋಗಿತ್ತು. ಮೊದಲ ತಿರುವಿನಲ್ಲಿ ನಿಂತು, ಯಾರಾದರೂ ಹಿಂದೆ ಬಿದ್ದರೇ ಎಂದು ತಿರುಗಿ ನೋಡಿದೆ. ಮೂವರೂ ಸಾಲಾಗಿ ನಿಂತಿದ್ದರು. ಯಾರಿಗೂ ಏದುಸಿರಿಲ್ಲ. ಚೈತ್ರಾ ಮೊಬೈಲ್‌ನಲ್ಲಿ ಮೆಸೇಜು ಮಾಡುತ್ತಿದ್ದಳು. ಏದುಸಿರು ಬಿಡುತ್ತಿದ್ದದ್ದು ನಾನೊಬ್ಬಳೇ.

ಎಲ್ಲರಿಗಿಂತ ನಿಧಾನ ನಡೆಯುವವರು ಎಲ್ಲರಿಗಿಂತ ಮುಂದೆ!

ಮುಖ ಬಿಸಿಯಾಯಿತು. ನಾನೇ? ಮೊಣಕಾಲಿಗೆ ಬೆಲ್ಟ್ ಕಟ್ಟಿಕೊಂಡವರು ಹಿಂದೆ, ನೆಟ್ಟಗಿರುವ ನಾನು ಮುಂದೆಯೇ? ಏನೂ ಅರ್ಥವಾಗದವಳ ಥರ ಮುಂದೆ ನಡೆದೆ. ಆದರೆ ನೋಡಿ, ಮುಂದಿರುವವರಿಗೆ ಒಂದು ಅನುಕೂಲವಿದೆ. ಯಾವಾಗ ನಿಲ್ಲಬೇಕೆಂಬುದು ಅವರ ಕೈಯಲ್ಲಿರುತ್ತದೆ. ಕಳ್ಳಿಗಿಡ ಕಂಡರೆ ನಿಂತೆ, "ಎಷ್ಟು ಛಂದ ಹೂ ಬಿಟ್ಟದ ನೋಡ್ರಿ" ಅಂದೆ. (ಹೂವಿರಲಿಲ್ಲ.) ಕೆಳಗೆ ರೈಲು ಕಂಡರೆ ನಿಂತೆ. ನಿಂಬೂ ಸರಬತ್ತು ಮಾರುವ ಮಾವಶಿಯ ಜೊತೆ ಅವಳ ಸೊಸೆಯ ವಿಚಾರ ಪೂರ್ತಿ ವಿಚಾರಿಸಿದೆ. "ಫೋಟೋ ತಗೀರಿ, ಫೋಟೋ" ಎಂದು ಹತ್ತು ಥರ ನಿಲ್ಲಿಸಿ ಫೋಟೋ ತೆಗೆಸಿದೆ. ಮೂವರೂ ನಾನು ಹೇಳಿದಲ್ಲೆಲ್ಲ ನಿಂತರು. ಅಷ್ಟು ವಿಧೇಯತೆ ನಮ್ಮ ಮನೆಯಲ್ಲಿ ನಾನು ಕಂಡೇ ಇರಲಿಲ್ಲ. ಅನುಮಾನ ಬರಬೇಕಿತ್ತು.

ಮೆಟ್ಟಿಲುಗಳು ಶುರುವಾದವು. ಕಲ್ಲಿನವು, ಒಂದೊಂದೂ ಮೊಣಕಾಲೆತ್ತರ. ಒಂದು ಕಡೆ ಬಂಡೆಯ ಮೇಲೆ ಯಾರೋ ಸುಣ್ಣದಲ್ಲಿ ಯಾರದೋ ಹೆಸರು ಬರೆದಿದ್ದರು. ನಾನು ಅದನ್ನು ಬಹಳ ಆಸಕ್ತಿಯಿಂದ ಓದುತ್ತ ನಿಂತೆ.

ಹಿಂದಿನಿಂದ ಪಲ್ಲವಿಯ ದನಿ ಬಂತು, ಮೆತ್ತಗೆ. "ಅವ್ವಾ, ಇಲ್ಲಿ ನೋಟಿಸ್ ಬೋರ್ಡ್ ಇಲ್ಲ. ದಣಿವಾಗಿದ್ರ ದಣಿವಾಗ್ಯದ ಅನ್ನು."

ನಾನು ತಿರುಗಿ ನೋಡಲಿಲ್ಲ.

"ದೀಪಾವಳಿಗೆ ಬಂದಾಗ ನೋಡೀನಿ" ಅಂದಳು. "ಲಿಫ್ಟ್ ಬಂದ್ ಇತ್ತು. ನೀ ಕಾಯಿಪಲ್ಯದ ಚೀಲಾ ಹಿಡ್ಕೊಂಡು ಬೋರ್ಡ್ ಓದ್ಲಿಕ್ಕೆ ನಿಂತಿದ್ದಿ. ಕಣ್ಣು ಮುಚ್ಚಿದ್ವು. ಕಣ್ಣು ಮುಚ್ಚಿ ಯಾರರ ಓದ್ತಾರೇನು?"

ಚೈತ್ರಾ ಸೇರಿಸಿದಳು. "ಪಪ್ಪಾಗ ನೋವಾದ್ರ ಪಪ್ಪಾ ಊರೆಲ್ಲ ಕೇಳೂಹಂಗ ಹೇಳ್ತಾರ. ನೀ ಹೇಳಂಗಿಲ್ಲ. ಅದಕ್ಕ ನೀ ಮುಂದ. ರೆಸಾರ್ಟ್ ಅಂದಿದ್ದೂ ಅದಕ್ಕ."

ಹಾಗಾದರೆ ಬೇಜಾರಾಗಿ ಅಲ್ಲ! ಎದೆಯ ಮೇಲಿನ ಒಂದು ಕಲ್ಲು ಇಳಿಯಿತು. ಆದರೆ ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ಕಲ್ಲು ಇಳಿದ ಜಾಗಕ್ಕೆ ಸಿಟ್ಟು ಬಂದು ಕೂತಿತು. ನನ್ನ ಗುಟ್ಟನ್ನು ಇಷ್ಟು ದಿನ ಇಟ್ಟುಕೊಂಡು, ಆಡಿಸಿ ನೋಡಿದರಲ್ಲ ಈ ಹುಡುಗಿಯರು! "ನನಗೇನಾಗ್ಯದ? ನಡೀರಿ ಮ್ಯಾಲ!" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದೆ. ಸಿಟ್ಟು ಒಳ್ಳೆಯ ಪೆಟ್ರೋಲು. ಬೇಗ ಖಾಲಿಯಾಗುತ್ತದೆ, ಅಷ್ಟೇ.

ಮೇಲಿನ ಬಾಗಿಲು ಕಾಣತೊಡಗಿತು. ಕಪ್ಪು ಕಲ್ಲಿನ ದೊಡ್ಡ ಬಾಗಿಲು, ಅದರ ಮೇಲೆ ಪಟಪಟ ಹಾರುವ ಬಾವುಟ. ನಡುವೆ ಉಳಿದದ್ದು ಒಂದು ಕೊನೆಯ ಏರು. ಅಲ್ಲಿ ನನ್ನ ಕಾಲು ನಿಂತುಬಿಟ್ಟವು. ಗೋಡೆ ಹಿಡಿದು ನಿಂತೆ. ಬಾಯಿ ಒಣಗಿತ್ತು, ಕಿವಿಯಲ್ಲಿ ಡಬಡಬ ಸದ್ದು. ಕೂರಬಾರದು, ಕೂರಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಕೂತರೆ ರೆಸಾರ್ಟು. ಕೂತರೆ ಹಂಸದ ಟವೆಲ್ಲು. ನಿಂತಿದ್ದರೆ ಇನ್ನೂ ಆಟ ಮುಗಿದಿಲ್ಲ.

ಕಾಲು ನನ್ನ ಮಾತು ಕೇಳಲಿಲ್ಲ. ಕೂತುಬಿಟ್ಟೆ. ದಾರಿಯ ನಡುವೆಯೇ.

ನನಗೆ ಅವರ ಮುಖ ನೋಡುವ ಧೈರ್ಯವಿರಲಿಲ್ಲ, ಚಪ್ಪಲಿ ನೋಡುತ್ತ ಕೂತೆ. ಈ ವಯಸ್ಸಿನಲ್ಲಿ ತುಟಿ ಅದುರಬಾರದು ಎಂದು ಎಲ್ಲಿ ಬರೆದಿದೆ? ಅದುರತೊಡಗಿತು. ಅಷ್ಟರಲ್ಲಿ ಹಿಂದಿನಿಂದ, ಇಡೀ ಗುಡ್ಡಕ್ಕೆ ಕೇಳುವಂತೆ, ಚೈತ್ರಾ ಕೂಗಿದಳು.

"ಪಪ್ಪಾ, ಗಡಾ ಬಂತ್ರಿ!"

"ಬಂತು, ಬಂತು!" ಕಟ್ಟಕಡೆಯಿಂದ ಅದೇ ಹಳೆಯ ದೊಡ್ಡ ದನಿ. "ಜಮಖಾನಿ ಹಾಸ್ರಿ!"

ನಾನು ಮೂಗೊರೆಸಿಕೊಂಡು ಜಗಳಕ್ಕೇ ನಿಂತೆ. "ಇದೆಲ್ಲಿ ಗಡಾ? ಗಡಾ ಅಲ್ಲೆ ಅದ, ಮ್ಯಾಲ. ಬಾಗಲಾ ಕಾಣಾಕತ್ತದಲ್ಲ!"

ಚೈತ್ರಾ ಜಮಖಾನೆಯ ತುದಿ ಕೊಡವುತ್ತ, ನನ್ನ ಕಡೆ ನೋಡದೆ ಹೇಳಿದಳು. "ನಾ ಕುಂತಾಗೂ ಕಾಣ್ತಿತ್ತವಾ."

ಅವಳಿಗೆ ನೆನಪಿತ್ತು. ಅಷ್ಟು ಚಿಕ್ಕವಳು, ಬಾಗಿಲು ಅಲ್ಲಿದೆ, ತಾನು ಇಲ್ಲಿ ಕೂತಿದ್ದೇನೆ, ತನಗೋಸ್ಕರ ಮೂರು ಜನ ಇಲ್ಲೇ ಜಮಖಾನೆ ಹಾಸಿದರು ಎಂಬುದು ಅವಳಿಗೆ ಅವತ್ತೇ ಗೊತ್ತಿತ್ತು. ನಾನು ಅದನ್ನು ಮಗುವಿನ ಹಟ ಅಂದುಕೊಂಡಿದ್ದೆ. ಇಷ್ಟು ವರ್ಷ ಅದನ್ನು ನೆಂಟರ ಮುಂದೆ ತಮಾಷೆಯ ಕಥೆಯಾಗಿ ಹೇಳಿದ್ದೇನೆ. ಅವಳು ಅದನ್ನು ಬೇರೆಯೇ ಥರ ಇಟ್ಟುಕೊಂಡಿದ್ದಳು.

"ಮತ್ತ ನಿನ್ನ ಕರಾರು?" ಪಲ್ಲವಿಯನ್ನು ಕೇಳಿದೆ. "ಮ್ಯಾಲಿನತನಕ ಅಂದಿದ್ದಿ."

ಪಲ್ಲವಿ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. "ಕರಾರು ಮೊನ್ನಿಂದು. ಪಪ್ಪಾನ ಕಾನೂನು ನಾ ಫ್ರಾಕ್ ಹಾಕ್ಕೊಳ್ಳುವಾಗಿಂದು. ಯಾವುದು ದೊಡ್ಡದು, ನೀನ ಹೇಳು." ಹೇಳಿ, ಒಂದು ರೊಟ್ಟಿ ನನ್ನ ಕೈಗಿಟ್ಟಳು.

ಚರಗ ಚೆಲ್ಲಿದೆ. "ಹುಲ್ಲುಲ್ಲಿಗೋ" ಎಂದು ಕೂಗಲು ಹೋದರೆ ದನಿ ಅರ್ಧಕ್ಕೇ ನಿಂತಿತು, ಉಳಿದರ್ಧ ಹುಡುಗಿಯರಿಬ್ಬರೂ ಕೂಗಿದರು. ಹಳೆಯ ಜಮಖಾನೆ ಈಗ ನಾಲ್ವರಿಗೆ ಸಾಲುವುದಿಲ್ಲ. ಮಕ್ಕಳು ದೊಡ್ಡವರು, ನಾವು ದಪ್ಪ. ಒಬ್ಬರ ಮೊಣಕಾಲು ಇನ್ನೊಬ್ಬರ ತಟ್ಟೆಗೆ ತಾಗುತ್ತಿತ್ತು. ಚೈತ್ರಾ, ದಿನವಿಡೀ ಕೇಕಿಗೆ ಕ್ರೀಮು ಹಚ್ಚುವ ಹುಡುಗಿ, ಹೋಳಿಗೆಯ ಮೇಲೆ ತುಪ್ಪ ಸಾಲದು ಎಂದು ಜಗಳ ತೆಗೆದಳು. ಪಲ್ಲವಿ ನನ್ನ ನಾಡಿ ಹಿಡಿದು, ಸೋಮವಾರ ಡಾಕ್ಟರ ಹತ್ತಿರ ಹೋಗಲೇಬೇಕು ಎಂದು ಮಾತು ತೆಗೆದುಕೊಂಡಳು. ಕೊಟ್ಟೆ. ಮನೆಯವರು ಉಂಡವರೇ ಬಂಡೆಗೆ ಒರಗಿ ಗೊರಕೆ ಹೊಡೆದರು. ನಾನು ಕಾಲು ಚಾಚಿದೆ. ಊರಿನ ಹೊಲದಲ್ಲಿ ಅವ್ವನ ಪಕ್ಕ ಹೀಗೇ ಕಾಲು ಚಾಚಿ ಕೂತಿದ್ದು ನೆನಪಾಯಿತು. ಅವಳ ಕಾಲಿನ ಬಿರುಕು, ಗಾಳಿಗೆ ತೂಗುವ ಜೋಳದ ತೆನೆ, ಅಪ್ಪನ ನಗು ಎಲ್ಲ ನೆನಪಾದವು. ಬಹಳ ವರ್ಷಗಳ ಮೇಲೆ ಹೊಟ್ಟೆತುಂಬ ಉಂಡಂತಾಯಿತು.

ಏರಿ ಬರುತ್ತಿದ್ದ ಕಾಲೇಜು ಹುಡುಗರ ಗುಂಪೊಂದು ಏದುಸಿರು ಬಿಡುತ್ತ ನಮ್ಮ ಮುಂದೆ ನಿಂತಿತು. "ಕಾಕೂ, ಗಡ ಅಜೂನ್ ಕಿತೀ ಲಾಂಬ್?" ಗಡ ಇನ್ನೂ ಎಷ್ಟು ದೂರ?

"ಹಾ ಕಾಯ್, ಆಲಾ ಕೀ!" ಅಂದೆ, ಜಮಖಾನೆ ತೋರಿಸಿ. ಇದೇ ಅಲ್ಲವೇ, ಬಂತಲ್ಲ! ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೋಳಿಗೆ ಕೊಟ್ಟಮೇಲೆ ನಂಬಿದರು.

ಇಳಿಯುವಾಗಲೂ ನಾನೇ ಮುಂದೆ. ಈಗ ನಾಚಿಕೆ ಇರಲಿಲ್ಲ. ದಣಿವಾದಲ್ಲಿ ದಣಿವಾಯಿತು ಎಂದೆ, ಎಲ್ಲರೂ ನಿಂತರು, ಯಾವ ಹೂವೂ ಅರಳಬೇಕಾಗಲಿಲ್ಲ. ಅರ್ಧ ದಾರಿಯಲ್ಲಿ ಪಲ್ಲವಿ ಒಂದು ಚಪ್ಪಟೆ ಬಂಡೆಯ ಮುಂದೆ ನಿಂತಳು. ಪಕ್ಕದಲ್ಲೊಂದು ಮರ, ಒಳ್ಳೆಯ ನೆರಳು. ಕೈಯಿಂದ ಅಳತೆ ಮಾಡಿ ನೋಡಿದಳು, ಚೈತ್ರಾಳ ಕಡೆ ತಿರುಗಿ ತಲೆಯಾಡಿಸಿದಳು.

"ಏನದು?" ಅಂದೆ.

"ಮುಂದಿನ ವರ್ಷದ ಗಡಾ" ಅಂದಳು.

ಸಂಜೆಯ ಲೋಕಲ್‌ನಲ್ಲಿ ಕಿಟಕಿಯ ಸೀಟು ಸಿಕ್ಕಿತು. ದೇಹೂ ರೋಡ್ ಹತ್ತಿರ ಬರುವಾಗ ಗುಡ್ಡಗಳೆಲ್ಲ ಹಿಂದೆ ಬಿದ್ದಿದ್ದವು. ಮರುದಿನ ಬೆಳಗಿಗೆ ಇಬ್ಬರೂ ಹೊರಡುವವರು, ಒಬ್ಬಳು ಗೋವಾಕ್ಕೆ, ಒಬ್ಬಳು ಕೊಲ್ಹಾಪುರಕ್ಕೆ. ಚೈತ್ರಾ ನನ್ನ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದ್ದಳು. ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂದೇಬಿಟ್ಟಿತು.

"ಅಲ್ರೇ, ವರ್ಷಾ ವರ್ಷಾ ಗಡಾ ಹಿಂಗ ಕೆಳಗ ಇಳದ್ರ, ಒಂದಿನ ನಮ್ಮ ಬಿಲ್ಡಿಂಗಿನ ಎರಡನೇ ಮಾಳಿಗಿ ನೋಟಿಸ್ ಬೋರ್ಡಿನ ಬುಡಕ್ಕ ಬಂದು ನಿಂದರ್ತದ. ಆವಾಗ ಏನು ಮಾಡ್ತೀರಿ?"

ಚೈತ್ರಾ ಕಣ್ಣು ತೆರೆಯಲಿಲ್ಲ. "ಲಿಫ್ಟ್ ಬಂದ್ ಇಡಸು ಅವ್ವಾ. ಹತ್ತಿಕೊಂಡು ಬರ್ತೀವಿ."

ನಮ್ಮ ಸೊಸೈಟಿಯ ಸೆಕ್ರೆಟರಿಗೆ ಕನ್ನಡ ಬರುವುದಿಲ್ಲ, ನಿಮ್ಮಲ್ಲಿ ಯಾರಿಗಾದರೂ ಅವರ ಪರಿಚಯವಿದ್ದರೆ ದಯವಿಟ್ಟು ತಿಳಿಸಿ: ಲಿಫ್ಟ್ ರಿಪೇರಿಗೆ ಇನ್ನು ಅವಸರವಿಲ್ಲ.